ಏಳೂವರೆ ಕ್ವಿಂಟಲಿನ ಗಾಡಿ

ಬೆಳಗಿನ ನಾಲ್ಕೂವರೆ. ತುಂಗಭದ್ರೆಯ ಹಿನ್ನೀರಿನ ಕಡೆಯಿಂದ ಬೀಸುವ ಗಾಳಿಯಲ್ಲಿ ಹಸಿಮಣ್ಣಿನ ವಾಸನೆ, ಅದರ ಜೊತೆಗೆ ಚೂರು ಮೀನಿನ ವಾಸನೆ. ಹಂಪಸಾಗರದ ಓಣಿಯಲ್ಲಿ ಯಾರೋ ಸೆಲ್ಫ್ ಹೊಡೆಯುತ್ತಾರೆ. ಎರಡು ಸಿಲಿಂಡರಿನ ಡೀಸೆಲ್ ಎಂಜಿನ್ ಒಂದೆರಡು ಸಲ ಕೆಮ್ಮಿ, ಆಮೇಲೆ ಡಗಡಗ ಎಂದು ಒಂದೇ ಲಯಕ್ಕೆ ಬೀಳುತ್ತದೆ. ಬಾಗಿಲಲ್ಲಿ ನೀರು ಚೆಲ್ಲುತ್ತಿರುವ ಹೆಣ್ಣುಮಕ್ಕಳು ಶಬ್ದದಿಂದಲೇ ಇದು ಯಾರ ಮನೆಯ ಗಾಡಿ ಎಂದು ಹೇಳಬಲ್ಲರು. ಹೆಡ್‌ಲೈಟ್ ಬಿದ್ದ ಗೋಡೆಯ ಮೇಲೆ ಹಿಂದಿನ ಚುನಾವಣೆಯ ಬರಹ ಅರ್ಧ ಅಳಿಸಿದೆ. ಗಾಡಿಯ ಹಿಂದಿನ ಡೋರಿನ ಮೇಲೆ ಹಳದಿ ಬಣ್ಣದಲ್ಲಿ 'ಶ್ರೀ ಗುರು ಕೊಟ್ಟೂರೇಶ್ವರ ಪ್ರಸನ್ನ'. ಅದರ ಮುಂದಿನದಕ್ಕೆ ಮೈಲಾರಲಿಂಗ, ಇನ್ನೊಂದಕ್ಕೆ ಹುಲಿಗೆಮ್ಮ. ದೇವರು ಬೇರೆ ಬೇರೆ, ಹೊರಡುವ ಹೊತ್ತು ಒಂದೇ.

ಒಂದರಲ್ಲಿ ಬದನೆ, ಬೆಂಡೆ, ಹಸಿಮೆಣಸಿನ ಕ್ರೇಟುಗಳು. ಇನ್ನೊಂದರಲ್ಲಿ ಥರ್ಮಾಕೋಲ್ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಪುಡಿಮಾಡಿದ ಐಸು, ಐಸಿನ ಮೇಲೆ ರಾತ್ರಿ ಬಲೆಗೆ ಬಿದ್ದ ಕಾಟ್ಲಾ, ರೋಹು. ಮತ್ತೊಂದು ಗಾಡಿ ತಡವಾಗಿ, ಏಳರ ಮೇಲೆ ಹೊರಡುತ್ತದೆ. ಅದು ಶಾಮಿಯಾನದವರದು. ಕಬ್ಬಿಣದ ಕಂಬ, ಮಡಿಸಿದ ಬಟ್ಟೆ, ಅಡುಗೆಯ ದೊಡ್ಡ ಹಂಡೆಗಳು, ಒಂದರೊಳಗೊಂದು ಸೇರಿಸಿಟ್ಟ ಪ್ಲಾಸ್ಟಿಕ್ ಕುರ್ಚಿಗಳು ಕ್ಯಾಬಿನ್ನಿನ ಎತ್ತರಕ್ಕೂ ಮೇಲೆ. ಮದುವೆ ಎಲ್ಲಿಯದೋ, ಗಾಡಿ ಮಾತ್ರ ನಮ್ಮೂರದು.

ಹಗರಿಬೊಮ್ಮನಹಳ್ಳಿ, ಹಡಗಲಿ, ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿ. ಈ ಐದೂ ತಾಲ್ಲೂಕು 2021ರಲ್ಲಿ ಹುಟ್ಟಿದ ವಿಜಯನಗರ ಜಿಲ್ಲೆಯೊಳಗಿವೆ. ಇಲ್ಲಿ ದೊಡ್ಡ ಕಾರ್ಖಾನೆಗಳಿಗಿಂತ ಹೆಚ್ಚಾಗಿ ಕಾಣುವುದು ಹೊಲ, ತೋಟ, ಸಂತೆ, ಜಾತ್ರೆ. ವ್ಯಾಪಾರ ಎಂದರೆ ಹೆಚ್ಚಾಗಿ ಒಂದು ಕುಟುಂಬ ಮಾಡುವ ವ್ಯಾಪಾರ. ಅಪ್ಪ ಕೊಳ್ಳುತ್ತಾನೆ, ಮಗ ಓಡಿಸುತ್ತಾನೆ, ಅವ್ವ ಸಂತೆಯಲ್ಲಿ ತಕ್ಕಡಿ ಹಿಡಿಯುತ್ತಾಳೆ. ಇಂಥ ಮನೆಗಳ ಮುಂದೆ ಎತ್ತಿನ ಬಂಡಿ ನಿಲ್ಲುತ್ತಿದ್ದ ಜಾಗದಲ್ಲಿ ಈಗ ಸಣ್ಣ ಗೂಡ್ಸ್ ಗಾಡಿ ನಿಂತಿದೆ. ಅದು ಕೊಟ್ಟದ್ದೆಷ್ಟು, ಕಿತ್ತುಕೊಂಡದ್ದೆಷ್ಟು ಎಂಬ ಲೆಕ್ಕವನ್ನು ಅದರ ಬಾನೆಟ್ಟಿನ ಹತ್ತಿರ ನಿಂತೇ ಹಾಕಬೇಕು. ಷೋರೂಮಿನಲ್ಲಿ ಕೂತರೆ ಆ ಲೆಕ್ಕ ಸಿಗುವುದಿಲ್ಲ.

ಗಾಡಿ ಬರುವುದಕ್ಕೆ ಮೊದಲಿನ ಬೆಳಗು ಹೀಗಿತ್ತು. ಸಂತೆಗೆ ಹೋಗುವವರು ಮೂಟೆಗಳನ್ನು ರಸ್ತೆ ಬದಿಗೆ ಹೊತ್ತು ತಂದು ಬಸ್ಸಿಗೆ ಕಾಯುತ್ತಿದ್ದರು. ಕಂಡಕ್ಟರ್ ಒಪ್ಪಿದರೆ ಮೂಟೆ ಟಾಪಿಗೆ ಏರುತ್ತಿತ್ತು, ಒಪ್ಪದಿದ್ದರೆ ಮುಂದಿನ ಬಸ್ಸು. ಟೊಮೆಟೊ ಇದ್ದವರು ಟಾಪಿನಿಂದ ಇಳಿಸುವಾಗ ಎದೆ ಹಿಡಿದುಕೊಂಡಿರಬೇಕು. ಬೆಳೆ ಜಾಸ್ತಿ ಇದ್ದರೆ ಲಾರಿ. ಆದರೆ ಲಾರಿಯವನಿಗೆ ಹತ್ತು ಟನ್ ತುಂಬಬೇಕು; ನಿಮ್ಮ ಹದಿನೈದು ಚೀಲಕ್ಕಾಗಿ ಅವನು ಹೊಲದ ದಾರಿಗೆ ಇಳಿಯುವವನಲ್ಲ. ಹಾಗಾಗಿ ಊರಿನ ನಾಲ್ಕಾರು ಜನರ ಮಾಲು ಒಂದೇ ದಿನ ಕಟಾವಾಗುವ ತನಕ ನಿಮ್ಮ ಈರುಳ್ಳಿ ಕಣದಲ್ಲೇ ಕೂರುತ್ತಿತ್ತು. ಮಳೆ ಬಂದರೆ ಮೊಳಕೆ, ಬಿಸಿಲಿಗೆ ತೂಕದ ಇಳಿಕೆ. ಆಮೇಲೆ ಮೂರು ಗಾಲಿಯ ಲಗೇಜ್ ಆಟೊ ಬಂತು, ಟಂಟಂ ಬಂತು. ಅವು ಓಣಿಯಲ್ಲಿ ಚೆನ್ನಾಗಿ ತಿರುಗುತ್ತಿದ್ದವು, ಹೆದ್ದಾರಿಯಲ್ಲಿ ಲಾರಿ ಪಕ್ಕಕ್ಕೆ ಬಂದರೆ ಗಾಳಿಗೇ ಅಲುಗಾಡುತ್ತಿದ್ದವು.

2005ರ ಮೇ ತಿಂಗಳಲ್ಲಿ ಟಾಟಾ ಮೋಟಾರ್ಸ್ 'ಏಸ್' ಎಂಬ ಗಾಡಿಯನ್ನು ತಂದದ್ದು ಈ ನಡುವಿನ ಜಾಗಕ್ಕೆ. ಅದಕ್ಕೆ ನಾಲ್ಕೈದು ವರ್ಷ ಮೊದಲು ಆ ಕಂಪನಿ ತನ್ನ ಇತಿಹಾಸದಲ್ಲೇ ಕಾಣದ ನಷ್ಟ ಕಂಡಿತ್ತು. ಭಾರಿ ಲಾರಿಗಳ ಮಾರಾಟ ಬಿದ್ದಾಗ ಕೈಹಿಡಿಯುವ ಇನ್ನೊಂದು ವಾಹನ ಬೇಕಿತ್ತು. ಗಿರೀಶ್ ವಾಘ್ ಎಂಬ ಯುವ ಎಂಜಿನಿಯರ್ ಮುಂದಾಳುತನದ ತಂಡ ಮೂರು ಗಾಲಿಯ ಚಾಲಕರನ್ನು ಮಾತಾಡಿಸಿತು. ನಾಲ್ಕು ಗಾಲಿಯ ಗಾಡಿ ಇದ್ದರೆ ಹೆಣ್ಣು ಕೊಡುವವರು ಸಿಗುತ್ತಾರೆ ಎಂದು ಅವರಲ್ಲಿ ಕೆಲವರು ಹೇಳಿದ್ದು ಆ ಗಾಡಿಯ ಕಥೆಯಲ್ಲಿ ಸೇರಿಹೋಗಿದೆ. ಇಂಡಿಕಾ ಕಾರಿನ ನಾಲ್ಕು ಸಿಲಿಂಡರಿನ ಎಂಜಿನ್ನನ್ನು ಅರ್ಧಕ್ಕೆ ಇಳಿಸಿ ಎರಡು ಸಿಲಿಂಡರ್ ಮಾಡಿದರು: 702 ಸಿಸಿ, ಸುಮಾರು 16 ಕುದುರೆ ಶಕ್ತಿ, 750 ಕಿಲೊ ಹೊರುವ ಬಾಡಿ, 12 ಇಂಚಿನ ಪುಟ್ಟ ಗಾಲಿ, ಎರಡೂಕಾಲು ಲಕ್ಷದ ಆಸುಪಾಸಿನ ಬೆಲೆ. ಜನ ಅದನ್ನು ಛೋಟಾ ಹಾಥಿ ಎಂದು ಕರೆದರು. 2017ರ ಹೊತ್ತಿಗೆ 20 ಲಕ್ಷ ಗಾಡಿಗಳು ಮಾರಾಟವಾಗಿದ್ದವು. ಅದರ ಹಿಂದೆ ಅಶೋಕ್ ಲೇಲ್ಯಾಂಡಿನ ದೋಸ್ತ್ ಬಂತು, ಮಹೀಂದ್ರಾದ ಮ್ಯಾಕ್ಸಿಮೊ, ಜೀತೊ ಬಂದವು, 2016ರಲ್ಲಿ ಮಾರುತಿಯ ಸೂಪರ್ ಕ್ಯಾರಿ ಬಂತು. ಜಪಾನಿನಲ್ಲಿ ಇಂಥ ಪುಟ್ಟ ಗಾಡಿಗಳಿಗೆ 'ಕೇ' ಎಂಬ ಪ್ರತ್ಯೇಕ ವರ್ಗವೇ ಇದೆ. ಅಲ್ಲಿ ಎಂಜಿನ್ 660 ಸಿಸಿ ಮೀರುವಂತಿಲ್ಲ, ಹೊರೆ 350 ಕಿಲೊ ದಾಟುವಂತಿಲ್ಲ. ಅಲ್ಲಿಯ ಭತ್ತದ ಗದ್ದೆಯ ಬದುವಿನಲ್ಲಿ ಓಡುವ ಸುಜುಕಿ ಕ್ಯಾರಿಯ ವಂಶದ್ದೇ ನಮ್ಮ ಹಳೆಯ ಮಾರುತಿ ಓಮ್ನಿ. 1984ರಿಂದ 2019ರ ವರೆಗೆ ಅದು ನಮ್ಮ ಊರುಗಳ ಬೇಕರಿ, ಔಷಧ, ಬಟ್ಟೆ ವ್ಯಾಪಾರಗಳನ್ನು ಹೊತ್ತು ತಿರುಗಿತು.

ಮುಚ್ಚಿದ ವ್ಯಾನು ಬೇಕೋ ತೆರೆದ ಬಾಡಿ ಬೇಕೋ ಎಂಬುದು ನಮ್ಮ ಕಡೆ ದೊಡ್ಡ ಚರ್ಚೆ. ಹಗರಿಬೊಮ್ಮನಹಳ್ಳಿಯಿಂದ ಹಳ್ಳಿಹಳ್ಳಿಯ ಅಂಗಡಿಗಳಿಗೆ ಬ್ರೆಡ್ಡು, ಬಿಸ್ಕತ್ತು, ಬೀಡಿ, ಶಾಂಪೂ ಪಾಕೀಟು ಹಂಚುವವರಿಗೆ ಓಮ್ನಿಯಂತಹ, ಈಗ ಈಕೊ ಕಾರ್ಗೊದಂತಹ ಮುಚ್ಚಿದ ವ್ಯಾನು ಸರಿ. ಮಳೆ, ದೂಳು, ಕೋತಿಗಳ ಕಾಟ ಯಾವುದೂ ಇಲ್ಲ. ಬೀಗ ಹಾಕಿ ಚಹಾ ಕುಡಿಯಲು ಹೋಗಬಹುದು. ಆದರೆ ಮೆಕ್ಕೆಜೋಳದ ಸಪ್ಪೆ, ಪೈಪು, ಡ್ರಿಪ್ಪಿನ ಸುರುಳಿ, ಹೊಸ ಮಂಚ, ಕುರಿ ಇವನ್ನೆಲ್ಲ ಮುಚ್ಚಿದ ವ್ಯಾನಿನೊಳಗೆ ಹೇಗೆ ತುರುಕುವುದು? ತೆರೆದ ಬಾಡಿಗೆ ಮೇಲೆ ಆಕಾಶದ ತನಕ ಜಾಗ ಇದೆ ಎಂದು ನಮ್ಮವರು ನಂಬಿದ್ದಾರೆ. ತಾಡಪತ್ರಿ, ನೈಲಾನ್ ಹಗ್ಗ ಇದ್ದರೆ ಮುಗಿಯಿತು. ಅದರ ಅಪಾಯದ ಮಾತು ಆಮೇಲೆ.

ಗಾತ್ರ ಬೇರೆ, ತೂಕ ಬೇರೆ ಎನ್ನುವುದನ್ನು ತಿಳಿಯಲು ಮಂಡಕ್ಕಿ ವ್ಯಾಪಾರಿಯ ಗಾಡಿ ನೋಡಬೇಕು. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಿಂದ ಮಾಲು ತರುವವರ ಗಾಡಿ ಮೇಲೆ ಚೀಲದ ಮೇಲೆ ಚೀಲ. ದೂರದಿಂದ ಬರುವಾಗ ಒಂದು ಬಿಳಿ ಗುಡ್ಡ ನಡೆದುಬಂದಂತೆ ಕಾಣುತ್ತದೆ. ಕ್ಯಾಬಿನ್ನು ಕಾಣುವುದೇ ಇಲ್ಲ. ಆದರೆ ತೂಕಕ್ಕೆ ಹಾಕಿದರೆ ಗಾಡಿಯ ಅರ್ಧ ಶಕ್ತಿಯೂ ಖರ್ಚಾಗಿರುವುದಿಲ್ಲ. ಹೆದರಿಕೆ ಇರುವುದು ಗಾಳಿಯದು ಮತ್ತು ರಸ್ತೆಗೆ ಅಡ್ಡ ಬಾಗಿದ ಜಾಲಿಯ ಕೊಂಬೆಯದು. ಅದೇ ಗಾಡಿಗೆ ಮಧ್ಯಾಹ್ನ ಸಿಮೆಂಟು ಹೇರಿ. 50 ಕಿಲೊದ ಹದಿನೈದು ಚೀಲ ಎಂದರೆ ಏಳೂವರೆ ಕ್ವಿಂಟಲ್ ಭರ್ತಿ. ಬಾಡಿಯ ತಳ ಮಾತ್ರ ಮುಚ್ಚಿರುತ್ತದೆ, ಮೇಲೆಲ್ಲ ಖಾಲಿ. ಖಾಲಿ ಜಾಗ ಕಂಡರೆ ಅಂಗಡಿಯವನಿಗೆ ಸುಮ್ಮನಿರಲಾಗುವುದಿಲ್ಲ. 'ಇನ್ನೊಂದು ಹತ್ತು ಹಾಕು ತಮ್ಮಾ, ಏನಾಗ್ತೈತಿ' ಎನ್ನುತ್ತಾನೆ. ಹುಡುಗ ಹಾಕುತ್ತಾನೆ. ಏನಾಗುತ್ತದೆ ಎಂಬುದು ಆ ದಿನ ತಿಳಿಯುವುದಿಲ್ಲ. ಆರು ತಿಂಗಳಾದ ಮೇಲೆ ಕಮಾನುಪಟ್ಟಿ ಮುರಿದಾಗ, ಬ್ರೇಕ್ ಒತ್ತಿದರೂ ಗಾಡಿ ನಾಲ್ಕು ಮಾರು ಮುಂದೆ ಹೋಗಿ ನಿಂತಾಗ ತಿಳಿಯುತ್ತದೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ಹೆಚ್ಚು ಹೊರೆಗೆ ದಂಡ 20,000 ರೂಪಾಯಿ, ಅದರ ಮೇಲೆ ಹೆಚ್ಚುವರಿ ಟನ್ನಿಗೆ 2,000. ಹತ್ತು ಚೀಲ ಸಿಮೆಂಟಿನ ಬಾಡಿಗೆಗೆ ಆ ದಂಡವನ್ನು ಹೋಲಿಸಿ ನೋಡಿದರೆ ಹಟ ಮಾಡುವ ಅಂಗಡಿಯವನಿಗೆ ಏನು ಹೇಳಬೇಕು ಎಂದು ಗೊತ್ತಾಗುತ್ತದೆ.

ಹಡಗಲಿಯ ಮಲ್ಲಿಗೆಯ ಮಾತು ಇನ್ನೊಂದು ರೀತಿ. ಭೌಗೋಳಿಕ ಗುರುತು ಪಡೆದ ಈ ಮಲ್ಲಿಗೆಗೆ ತೂಕವೂ ಇಲ್ಲ, ಗಾತ್ರವೂ ದೊಡ್ಡದಲ್ಲ. ಅದಕ್ಕಿರುವುದು ಗಡಿಯಾರ ಒಂದೇ. ಬೆಳಕು ಹರಿಯುವ ಮುಂಚೆ ತಲೆಗೆ ಟಾರ್ಚು ಕಟ್ಟಿಕೊಂಡು ಹೆಣ್ಣುಮಕ್ಕಳು ಮೊಗ್ಗು ಬಿಡಿಸುತ್ತಾರೆ. ಬಿಸಿಲು ಏರುವ ಮೊದಲು ಅದು ಪಟ್ಟಣ ಸೇರಬೇಕು, ಮೊಗ್ಗು ಅರಳಿದರೆ ದರ ಮುದುಡುತ್ತದೆ. ಹೀಗಿರುವಾಗ ಒಬ್ಬ ಬೆಳೆಗಾರ ತನ್ನ ಒಂದು ಬುಟ್ಟಿಗಾಗಿ ಗಾಡಿ ಇಟ್ಟುಕೊಳ್ಳುವುದು ಬುದ್ಧಿವಂತಿಕೆಯಲ್ಲ. ಬಸ್ಸಿನಲ್ಲಿ ಕಳಿಸುವುದೇ ಅಗ್ಗ. ಆದರೆ ನಾಲ್ಕೈದು ತೋಟದವರು ಒಂದು ಗಾಡಿಗೆ ಬಾಡಿಗೆ ಹಂಚಿಕೊಂಡರೆ, ಬಸ್ಸು ತಪ್ಪಿದ ದಿನವೂ ಹೂವಿಗೆ ಬೆಲೆ ಇರುತ್ತದೆ. ಸಣ್ಣ ಗಾಡಿಯ ನಿಜವಾದ ಬೆಲೆ ಇರುವುದು ಈ ಹೊತ್ತಿನಲ್ಲಿ. ಯಾರ ಅಪ್ಪಣೆಗೂ ಕಾಯದೆ, ಮಾಲು ಸಿದ್ಧವಾದ ಗಳಿಗೆಗೆ ಹೊರಡಬಹುದು. ಹೊಸಪೇಟೆಯಲ್ಲಿ ದರ ಬಿದ್ದಿದೆ ಎಂದು ಫೋನು ಬಂದರೆ ಮರಿಯಮ್ಮನಹಳ್ಳಿಯಲ್ಲೇ ಗಾಡಿ ನಿಲ್ಲಿಸಿ ಒಂದಷ್ಟನ್ನು ಅಲ್ಲೇ ಮಾರಬಹುದು. ದಲ್ಲಾಳಿಯ ಅಂಗಡಿ ಮುಂದೆ ಮಾಲು ಇಳಿಸಿಯಾದ ಮೇಲೆ ರೈತನ ಬಾಯಿ ಕಟ್ಟಿಹೋಗುತ್ತದೆ; ಮಾಲು ಇನ್ನೂ ತನ್ನದೇ ಗಾಡಿಯ ಮೇಲೆ ಇರುವಾಗ ಅವನ ಮಾತಿಗೆ ಒಂದು ಗತ್ತು ಇರುತ್ತದೆ. ಇದನ್ನು ನಾನು ಸಣ್ಣ ಸಂಗತಿ ಎಂದುಕೊಂಡಿಲ್ಲ. ನಮ್ಮ ಸೀಮೆಯ ಸಣ್ಣ ವ್ಯಾಪಾರಿಗೆ ಕಳೆದ ಇಪ್ಪತ್ತು ವರ್ಷಗಳಲ್ಲಿ ದಕ್ಕಿದ ಸ್ವಾತಂತ್ರ್ಯಗಳಲ್ಲಿ ಇದು ಮುಖ್ಯವಾದದ್ದು.

ಕಾನೂನು ಕೂಡ ಈ ಗಾಡಿಗೆ ಒಂದಿಷ್ಟು ದಾರಿ ಬಿಟ್ಟಿದೆ. ಸರಕು ಸೇರಿ ಒಟ್ಟು ತೂಕ 3,000 ಕಿಲೊ ಮೀರದ ಸರಕು ವಾಹನಕ್ಕೆ ಪರ್ಮಿಟ್ ಬೇಕಿಲ್ಲ ಎಂದು 1988ರ ಮೋಟಾರು ವಾಹನ ಕಾಯ್ದೆಯ 66ನೇ ಕಲಮು ಹೇಳುತ್ತದೆ. ಕಾರು ಓಡಿಸುವ ಲೈಸೆನ್ಸಿನಲ್ಲೇ ಓಡಿಸಬಹುದೇ ಎಂಬ ಬಹುಕಾಲದ ಜಗಳವನ್ನು ಸುಪ್ರೀಂ ಕೋರ್ಟು 2017ರಲ್ಲಿ ಬಗೆಹರಿಸಿತು. ಮತ್ತೆ ಪ್ರಶ್ನೆ ಎದ್ದಾಗ 2024ರ ನವೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ ಅದನ್ನೇ ಎತ್ತಿಹಿಡಿಯಿತು: ಒಟ್ಟು ತೂಕ 7,500 ಕಿಲೊ ಒಳಗಿನ ಸಾರಿಗೆ ವಾಹನಕ್ಕೆ ಲಘು ವಾಹನದ ಲೈಸೆನ್ಸು ಸಾಕು. ಇದರಿಂದ ಎಷ್ಟೋ ಹಳ್ಳಿಯ ಹುಡುಗರ ಅನ್ನಕ್ಕೆ ಕಲ್ಲು ಬೀಳುವುದು ತಪ್ಪಿತು. ಅಪಘಾತವಾದಾಗ ಲೈಸೆನ್ಸಿನ ನೆಪ ಹೇಳಿ ವಿಮೆ ಕಂಪನಿಗಳು ಕೈ ತೊಳೆದುಕೊಳ್ಳುವುದಕ್ಕೂ ಕಡಿವಾಣ ಬಿತ್ತು. 2025ರ ಸೆಪ್ಟೆಂಬರ್ 22ರಿಂದ ಸರಕು ವಾಹನಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದದ್ದೂ ಕೊಳ್ಳುವವರಿಗೆ ಅನುಕೂಲವೇ. ರಾಜ್ಯ ಸರ್ಕಾರದ ಸ್ವಾವಲಂಬಿ ಸಾರಥಿ ಯೋಜನೆಯಲ್ಲಿ ಪರಿಶಿಷ್ಟ ಜಾತಿ, ಪಂಗಡದ ನಿರುದ್ಯೋಗಿಗಳಿಗೆ ವಾಹನದ ಬೆಲೆಯ ಶೇ 75, ಗರಿಷ್ಠ 4 ಲಕ್ಷ ರೂಪಾಯಿ ಸಹಾಯಧನವಿದೆ. ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತರಿಗೆ ಅರ್ಧ ಬೆಲೆ, ಗರಿಷ್ಠ 3 ಲಕ್ಷ. ಬ್ಯಾಂಕಿನ ಬಾಗಿಲು, ನಿಗಮದ ಬಾಗಿಲು ಎರಡಕ್ಕೂ ತಿರುಗುವ ತಾಳ್ಮೆ ಇದ್ದವರು ಇದನ್ನು ಬಿಡಬಾರದು.

ಇನ್ನು ಕಂತಿನ ಲೆಕ್ಕ. ನಮ್ಮ ಹುಡುಗರು ಮುಗ್ಗರಿಸುವುದು ಇಲ್ಲೇ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಐದೂವರೆ ಲಕ್ಷದ ಗಾಡಿ ಎಂದು ಹಿಡಿಯೋಣ. ಒಂದು ಲಕ್ಷ ಕೈಯಿಂದ ಕಟ್ಟಿ, ಉಳಿದ ನಾಲ್ಕೂವರೆ ಲಕ್ಷಕ್ಕೆ ಶೇ 12ರ ಬಡ್ಡಿಯಲ್ಲಿ ನಾಲ್ಕು ವರ್ಷದ ಸಾಲ. ತಿಂಗಳ ಕಂತು 11,850 ರೂಪಾಯಿ ಆಸುಪಾಸು. ವಿಮೆ ಬೇರೆ. 2022ರ ದರಪಟ್ಟಿಯಂತೆ ಮೂರನೆಯವರ ವಿಮೆಯೊಂದೇ 16,049 ರೂಪಾಯಿ. ಇಲ್ಲಿ ಒಂದು ಅನ್ಯಾಯ ಇದೆ: ಏಳೂವರೆ ಟನ್ ಒಟ್ಟು ತೂಕದ ಲಾರಿಗೂ ಈ ಪುಟ್ಟ ಗಾಡಿಗೂ ಅದೇ ದರ. ಸ್ವಂತ ಹಾನಿಯ ವಿಮೆ ಸೇರಿಸಿ ವರ್ಷಕ್ಕೆ 24,000 ಎಂದರೆ ತಿಂಗಳಿಗೆ 2,000. ಟಯರು, ಆಯಿಲು, ಬ್ರೇಕ್ ಲೈನರು, ಎಫ್‌ಸಿಗೆಂದು ಇನ್ನೊಂದು 3,000 ತೆಗೆದಿಡಿ. ತಿಂಗಳಲ್ಲಿ ಇಪ್ಪತ್ತಾರು ದಿನ ಓಡಿದರೆ, ಕೀಲಿ ತಿರುಗಿಸುವ ಮುಂಚೆಯೇ ಆ ದಿನದ ಖರ್ಚು ಸುಮಾರು 650 ರೂಪಾಯಿ. ನೂರು ಕಿಲೊಮೀಟರಿನ ಒಂದು ಸುತ್ತಿಗೆ, ಲೀಟರಿಗೆ ಹದಿನಾರು ಕೊಟ್ಟರೂ, ಡೀಸೆಲ್ಲಿಗೆ 570ರಷ್ಟು. ಒಟ್ಟು 1,220. ಹದಿನೈದು ಚೀಲ ಈರುಳ್ಳಿ ಒಯ್ದು ಖಾಲಿ ಬಂದರೆ ಚೀಲಕ್ಕೆ 81 ರೂಪಾಯಿ, ಅಂದರೆ ಕಿಲೊಗೆ ಒಂದೂವರೆಗಿಂತ ಮೇಲೆ. ಓಡಿಸುವವನ ಕೂಲಿ, ಹಮಾಲಿ ಇನ್ನೂ ಸೇರಿಲ್ಲ. ಈರುಳ್ಳಿ ದರ ನೆಲ ಕಚ್ಚಿದ ವರ್ಷಗಳನ್ನು ಕಂಡ ಹರಪನಹಳ್ಳಿ, ಕೊಟ್ಟೂರಿನ ರೈತನಿಗೆ ಈ ಒಂದೂವರೆ ರೂಪಾಯಿ ಎಷ್ಟು ಭಾರ ಎಂದು ಹೇಳಬೇಕಿಲ್ಲ.

ಬರುವಾಗ ಮಾಲು ಸಿಕ್ಕರೆ ಇದೇ ಲೆಕ್ಕ ತಲೆಕೆಳಗಾಗುತ್ತದೆ. ಹೊಸಪೇಟೆಯಿಂದ ಕಿರಾಣಿ, ದಾವಣಗೆರೆಯಿಂದ ಮಂಡಕ್ಕಿ, ಹಗರಿಬೊಮ್ಮನಹಳ್ಳಿಯಿಂದ ಗೊಬ್ಬರದ ಹತ್ತು ಚೀಲ, ಯಾರದೋ ಮನೆ ಕಟ್ಟುವ ಕಬ್ಬಿಣ. ಹಾಗಾಗಿ ಈ ದಂಧೆಯಲ್ಲಿ ಗೆದ್ದವರನ್ನು ನೋಡಿದರೆ ಅವರ ಫೋನಿನಲ್ಲಿ ಅಂಗಡಿಯವರ ನಂಬರುಗಳು ತುಂಬಿರುತ್ತವೆ. ಸ್ಟಿಯರಿಂಗ್ ಹಿಡಿಯುವ ಚಾತುರ್ಯ ಎಲ್ಲರಿಗೂ ಇದೆ. ಸಂಜೆ ಮರಳುವಾಗ ಖಾಲಿ ಬರದಿರುವ ಚಾತುರ್ಯ ಕೆಲವರಿಗೆ ಮಾತ್ರ.

ಟಯರ್ ಪಂಚರ್ ಅಂಗಡಿಯ ಮುಂದೆ ಇಂಥ ಮಾತು ಆಗಾಗ ಕೇಳಿಬರುತ್ತದೆ. ಪದವಿ ಮುಗಿಸಿ ಮನೆಯಲ್ಲಿರುವ ಹುಡುಗ ಹಳೆಯ ಡ್ರೈವರಿನ ಹತ್ತಿರ ಕೂತು ಕೇಳುತ್ತಾನೆ: 'ಮಾಮಾ, ಫೈನಾನ್ಸ್‌ನವರು ಐವತ್ತು ಸಾವಿರ ಕಟ್ಟಿದ್ರ ಗಾಡಿ ಕೊಡ್ತೀವಿ ಅಂತಾರ. ತಗೊಳ್ಳಲಾ?'

'ನಿನ್ನ ಮಾಲು ಐತೇನು?'

'ಇಲ್ಲ. ಬಾಡಿಗಿ ಹೊಡೀತೀನಿ.'

'ಊರಾಗ ಈಗ ಎಷ್ಟು ಗಾಡಿ ನಿಂತಾವ ಎಣಿಸು. ಎಲ್ಲಾರೂ ಬಾಡಿಗಿ ಹೊಡೆಯೋರ. ಒಂದು ಸುಗ್ಗಿ ನನ್ನ ಗಾಡಿ ಓಡಿಸು, ದಿನಾ ಏನ್ ಬಂತು ಏನ್ ಹೋತು ಬರದಿಡು. ಸುಗ್ಗಿ ಮುಗದ ಮ್ಯಾಲೆ ಯಾರೂ ಕರಿಯಾಂಗಿಲ್ಲ, ಆ ಎರಡು ತಿಂಗಳದ್ದೂ ಬರಿ. ಆಮ್ಯಾಲೆ ಫೈನಾನ್ಸ್‌ನವನ ಕೂಡ ಮಾತಾಡು.'

ಆ ಹಿರಿಯನ ಮಾತಿನಲ್ಲಿರುವ ಎರಡು ತಿಂಗಳು ನಮ್ಮ ಸೀಮೆಯ ಗಾಡಿಗಳ ನಿಜವಾದ ಶತ್ರು. ಗಾಡಿಗೆ ಬಿಡುವಿಲ್ಲದ ದಿನಗಳು ಬೇರೆ: ಕೊಟ್ಟೂರಿನ ರಥೋತ್ಸವ, ಭರತ ಹುಣ್ಣಿಮೆಯ ಆಸುಪಾಸಿನ ಮೈಲಾರ ಜಾತ್ರೆ, ಬೇಸಿಗೆಯ ಮದುವೆಗಳು, ಮೆಕ್ಕೆಜೋಳ ಮತ್ತು ಈರುಳ್ಳಿಯ ಸುಗ್ಗಿ. ಈ ದಿನಗಳಲ್ಲಿ ಬಾಡಿಗೆಗೆ ಗಾಡಿ ಸಿಗುವುದಿಲ್ಲ. ಬೆಂಡು ಬತ್ತಾಸು, ಬಳೆ, ಆಟಿಕೆ, ಜೋಕಾಲಿಯ ಬಿಡಿಭಾಗ ಹೊತ್ತು ಜಾತ್ರೆಯಿಂದ ಜಾತ್ರೆಗೆ ಹೋಗುವ ವ್ಯಾಪಾರಿಗೆ ಗಾಡಿಯೇ ಅಂಗಡಿ, ರಾತ್ರಿ ಅದರ ಕೆಳಗೇ ಹಾಸಿಗೆ. ಮಳೆ ಕೈಕೊಟ್ಟ ವರ್ಷ ಇದೆಲ್ಲ ಒಟ್ಟಿಗೇ ಸೊರಗುತ್ತದೆ. ಅಣೆಕಟ್ಟಿನ ಸುದ್ದಿಯೂ ಗಾಡಿಯ ಗಾಲಿಗೆ ತಟ್ಟುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟಿನ ಸರಪಳಿ ಕಡಿದು ನೀರು ಹರಿದುಹೋದಾಗ, ಹಿನ್ನೀರಿನ ದಂಡೆಯ ಊರುಗಳಲ್ಲಿ ಮೀನುಗಾರರಿಂದ ಹಿಡಿದು ಪಂಪ್‌ಸೆಟ್ ರೈತರ ತನಕ ಎಲ್ಲರ ಎದೆಯೂ ಹೊಡೆದುಕೊಂಡಿತ್ತು. ಕಂತು ಮಾತ್ರ ಮಳೆ, ಗೇಟು, ದರ ಯಾವುದನ್ನೂ ಕೇಳುವುದಿಲ್ಲ, ಪ್ರತಿ ತಿಂಗಳೂ ಅದೇ ತಾರೀಖಿಗೆ ಬರುತ್ತದೆ. ಮೂರು ಕಂತು ನಿಂತರೆ ಗಾಡಿ ಎಳೆದೊಯ್ಯುವವರು ಬರುತ್ತಾರೆ. ಬೆಳಿಗ್ಗೆ ಎದ್ದು ನೋಡಿದರೆ ಮನೆ ಮುಂದೆ ಎಣ್ಣೆಯ ಕಲೆ ಮಾತ್ರ ಉಳಿದಿರುತ್ತದೆ. ಆ ಮನೆಯ ತಾಯಿ ಮಾತಾಡದೆ ಆ ಕಲೆಯ ಮೇಲೆ ಸಗಣಿ ಸಾರಿಸುತ್ತಾಳೆ.

ರಸ್ತೆಯೂ ಒಂದು ಮಾತು. ಮಸಾರಿ ಹೊಲಕ್ಕೆ ಗಾಡಿ ಯಾವಾಗ ಬೇಕಾದರೂ ಇಳಿಯುತ್ತದೆ. ಎರೆಹೊಲದ ದಾರಿಯಲ್ಲಿ ಒಂದು ಹದಮಳೆ ಬಿದ್ದರೆ ಸಾಕು, 12 ಇಂಚಿನ ಗಾಲಿ ತಿರುಗಿ ತಿರುಗಿ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ. ಆಗ ಎತ್ತುಗಳನ್ನೋ ಟ್ರ್ಯಾಕ್ಟರನ್ನೋ ಕರೆಯಬೇಕು. ಎತ್ತು ಮಾರಿ ಗಾಡಿ ಕೊಂಡವನು ಪಕ್ಕದ ಹೊಲದವನ ಎತ್ತಿಗೆ ಕೈಮುಗಿಯುತ್ತಾನೆ. ಮೂರು ನಾಲ್ಕು ಎಕರೆಯ ಒಕ್ಕಲಿಗೆ ಎತ್ತು ಇದ್ದರೆ ಉಳುಮೆ, ಗೊಬ್ಬರ, ಸಾಗಣೆ ಮೂರೂ ಆಗುತ್ತವೆ. ಗಾಡಿಯಿಂದ ಸಾಗಣೆ ಮಾತ್ರ. ಎತ್ತು ಬಿಟ್ಟು ಗಾಡಿಗೆ ಹೋಗುವವರು ಈ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಕರೆಂಟಿನ ಗಾಡಿಗಳು ಬಂದಿವೆ, ಏಸ್‌ನ ವಿದ್ಯುತ್ ಮಾದರಿ 2022ರಲ್ಲೇ ಬಂತು. ಪಟ್ಟಣದೊಳಗೆ ದಿನಕ್ಕೆ ನಿಗದಿಯಾದ ದಾರಿಯಲ್ಲಿ ಸಿಲಿಂಡರ್ ಹಂಚುವವರಿಗೆ ಅದು ಹೊಂದುತ್ತದೆ. ಇವತ್ತು ಕೂಡ್ಲಿಗಿ, ನಾಳೆ ಗದಗ ಎಂದು ಫೋನು ಬಂದ ಕಡೆಗೆ ಓಡುವ ನಮ್ಮ ಬಾಡಿಗೆ ಗಾಡಿಗಳಿಗೆ, ದಾರಿಯುದ್ದಕ್ಕೂ ಚಾರ್ಜಿಂಗ್ ಬರುವ ತನಕ, ಡೀಸೆಲ್ಲೋ ಪೆಟ್ರೋಲೋ ಗತಿ.

ತೆರೆದ ಬಾಡಿಯ ಅಪಾಯದ ಮಾತನ್ನು ಹಿಂದೆ ಉಳಿಸಿದ್ದೆ. ಅದು ಮಾಲಿಗೆ ಸಂಬಂಧಿಸಿದ್ದಲ್ಲ.

ಬೆಳಗಿನ ಏಳರ ಸುಮಾರಿಗೆ ಯಾವ ಊರಿನ ಅಗಸಿಯಲ್ಲಾದರೂ ನಿಂತು ನೋಡಿ. ತರಕಾರಿ ಇಳಿಸಿ ಬಂದ ಅದೇ ಗಾಡಿಗೆ ಕೂಲಿಯ ಹೆಣ್ಣುಮಕ್ಕಳು ಹತ್ತುತ್ತಿರುತ್ತಾರೆ. ಮೊದಲು ಬುತ್ತಿಗಂಟು, ನೀರಿನ ಕ್ಯಾನು, ಕುಡುಗೋಲು. ಆಮೇಲೆ ಒಬ್ಬರ ಕೈ ಒಬ್ಬರು ಹಿಡಿದು ಹದಿನೈದು, ಇಪ್ಪತ್ತು ಜನ. ಕೂರಲು ಜಾಗವಿಲ್ಲ, ನಿಂತವರು ಕ್ಯಾಬಿನ್ನಿನ ಹಿಂದಿನ ಕಂಬಿ ಹಿಡಿದಿದ್ದಾರೆ, ತುದಿಯಲ್ಲಿದ್ದವರು ಹಿಂದಿನ ಡೋರಿನ ಮೇಲೆ ಕೂತು ಕಾಲು ಇಳಿಬಿಟ್ಟಿದ್ದಾರೆ. ನಗು ಇದೆ, ಮಾತು ಇದೆ, ಒಬ್ಬಳ ಮಡಿಲಲ್ಲಿ ಕೂಸೂ ಇದೆ. ಈರುಳ್ಳಿ ಕೀಳಲು, ಮೆಕ್ಕೆಜೋಳ ಮುರಿಯಲು, ಹತ್ತಿ ಬಿಡಿಸಲು ಹೊರಟಿದ್ದಾರೆ. ಏಳೂವರೆ ಕ್ವಿಂಟಲಿಗೆಂದು ಮಾಡಿದ ಗಾಡಿಯಲ್ಲಿ ಇಪ್ಪತ್ತು ಜನ ನಿಂತರೆ ತೂಕ ಹತ್ತು ಕ್ವಿಂಟಲ್ ಮುಟ್ಟುತ್ತದೆ. ಚೀಲದ ತೂಕ ತಳದಲ್ಲಿರುತ್ತದೆ, ನಿಂತ ಮನುಷ್ಯರ ತೂಕ ಮೇಲಿರುತ್ತದೆ. ತಿರುವಿನಲ್ಲಿ ಎಲ್ಲರೂ ಒಂದೇ ಕಡೆ ವಾಲಿದರೆ ಚಿಕ್ಕ ಗಾಲಿಯ, ಕಿರಿದಾದ ಆ ಗಾಡಿ ತಡೆದುಕೊಳ್ಳುವುದು ಕಷ್ಟ.

2025ರ ಜನವರಿ 22ರ ನಸುಕಿನಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ಹಣ್ಣು ತರಕಾರಿಯ ಲಾರಿ ಯಲ್ಲಾಪುರ ತಾಲ್ಲೂಕಿನಲ್ಲಿ ಉರುಳಿಬಿತ್ತು. ಮಾಲಿನ ಜೊತೆ ಕೂತಿದ್ದ ಸಣ್ಣ ವ್ಯಾಪಾರಿಗಳಲ್ಲಿ ಹತ್ತು ಮಂದಿ ಸತ್ತರು. ಅದು ದೊಡ್ಡ ಲಾರಿ, ನಮ್ಮ ಪುಟ್ಟ ಗಾಡಿಯಲ್ಲ. ಆದರೆ ಅದರಲ್ಲಿದ್ದವರು ನಮ್ಮ ಸಂತೆಗಳಲ್ಲಿ ಕಾಣುವಂಥ ಜನವೇ. ನಾಲ್ಕು ಬುಟ್ಟಿ ಹಣ್ಣು, ಎರಡು ಮೂಟೆ ಕಾಯಿಪಲ್ಯ ಇಟ್ಟುಕೊಂಡು ಬದುಕುವವರು. ಮಾಲಿನ ಮೇಲೆ ಮನುಷ್ಯ ಕೂತರೆ ಗಾಡಿ ಯಾವುದಾದರೇನು.

ಸಾವಿನ ನಂತರ ಇನ್ನೊಂದು ಪೆಟ್ಟು ಕಾದಿರುತ್ತದೆ. ಸರಕು ವಾಹನದಲ್ಲಿ ಮಾಲಿನ ಒಡೆಯ ಅಥವಾ ಅವನ ಪರವಾಗಿ ಬಂದವನು ಮಾಲಿನ ಜೊತೆ ಕೂತಿದ್ದರೆ ವಿಮೆಯ ರಕ್ಷಣೆ ಇದೆ, ಮೋಟಾರು ವಾಹನ ಕಾಯ್ದೆಯ 1994ರ ತಿದ್ದುಪಡಿ ಅದನ್ನು ಕೊಟ್ಟಿತು. ಸುಮ್ಮನೆ ಹತ್ತಿಸಿಕೊಂಡ ಪ್ರಯಾಣಿಕರಿಗೆ ಆ ರಕ್ಷಣೆ ಇಲ್ಲ ಎಂಬುದು ಸುಪ್ರೀಂ ಕೋರ್ಟಿನ ಆಶಾ ರಾಣಿ ಪ್ರಕರಣದಿಂದ ಈಚೆಗೆ ಗಟ್ಟಿಯಾದ ಮಾತು. ಅಂದರೆ ಕೂಲಿಗೆ ಹೋದ ತಾಯಿ ಸತ್ತರೆ ಅವಳ ಮಕ್ಕಳು ಪರಿಹಾರಕ್ಕೆ ಗಾಡಿಯ ಒಡೆಯನ ಮುಖ ನೋಡಬೇಕು. ಅವನ ಹತ್ತಿರ ಇರುವುದು ಜಜ್ಜಿಹೋದ ಗಾಡಿ ಮತ್ತು ಉಳಿದ ಕಂತುಗಳು. ಎರಡೂ ಮನೆ ಒಂದೇ ದಿನ ಮುಳುಗುತ್ತವೆ. 16,049 ರೂಪಾಯಿ ಕಟ್ಟಿದ ವಿಮೆಯ ಕಾಗದ ಡ್ಯಾಷ್‌ಬೋರ್ಡಿನೊಳಗೆ ಹಾಗೇ ಇರುತ್ತದೆ.

ಡ್ರೈವರುಗಳನ್ನು ಬೈದು ಇದು ನಿಲ್ಲುವುದಿಲ್ಲ, ಪೊಲೀಸರು ತಿಂಗಳಿಗೊಮ್ಮೆ ಹಿಡಿದು ದಂಡ ಹಾಕಿದರೂ ನಿಲ್ಲುವುದಿಲ್ಲ. ಹೆಣ್ಣುಮಕ್ಕಳು ಹತ್ತುವುದು ಬೇರೆ ದಾರಿ ಇಲ್ಲದ್ದಕ್ಕೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಅವರಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಪುಕ್ಕಟೆ. ಟಿಕೆಟ್ಟಿಗೆ ದುಡ್ಡು ಬೇಡ, ಸರಿ. ಬಸ್ಸೇ ಆ ಹೊತ್ತಿಗೆ ಆ ದಾರಿಯಲ್ಲಿ ಇಲ್ಲವಲ್ಲ. ಕೂಲಿಯವರು ಹೊಲ ಮುಟ್ಟುವ ಗಳಿಗೆಯೂ, ಸಂಜೆ ಮರಳುವ ಗಳಿಗೆಯೂ ಹಳ್ಳಿಯ ಎಲ್ಲರಿಗೂ ಗೊತ್ತು. ಯಾವ ತಿಂಗಳಲ್ಲಿ ಯಾವ ಊರಿನಿಂದ ಯಾವ ಕಡೆಗೆ ಗುಂಪು ಹೋಗುತ್ತದೆ ಎಂಬುದನ್ನು ಮೇಸ್ತ್ರಿಗಳನ್ನು ಕೇಳಿದರೆ ಅರ್ಧ ತಾಸಿನಲ್ಲಿ ಬರೆದುಕೊಡುತ್ತಾರೆ. ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ ಸುಗ್ಗಿಯ ತಿಂಗಳುಗಳಲ್ಲಿ ಬೆಳಿಗ್ಗೆ ಆರೂವರೆಗೊಂದು, ಸಂಜೆ ಐದೂವರೆಗೊಂದು ಬಸ್ಸನ್ನು ಈ ದಾರಿಗಳಲ್ಲಿ ಬಿಡಲಿ. ಬಸ್ಸು ತಿರುಗಲಾರದ ಹೊಲದ ದಾರಿಗಳಿಗೆ ಏಸ್‌ನ ಒಡಹುಟ್ಟಾದ ಮ್ಯಾಜಿಕ್ ಇದೆ: ಸೀಟು, ಮಾಡು, ಪ್ರಯಾಣಿಕರ ವಿಮೆ ಎಲ್ಲ ಇರುವ ಗಾಡಿ. ಸ್ವಾವಲಂಬಿ ಸಾರಥಿಯ ಸಹಾಯಧನದಲ್ಲಿ ಊರಿಗೊಂದು ಹತ್ತನೆಯ ಗೂಡ್ಸ್ ಗಾಡಿ ಕೊಡುವ ಬದಲು ಮೊದಲನೆಯ ಮ್ಯಾಜಿಕ್ ಕೊಟ್ಟು, ಕೂಲಿಯವರ ಬಾಡಿಗೆಯನ್ನು ಹೊಲದ ಒಡೆಯ ಕೂಲಿಯ ಜೊತೆಗೇ ಕಟ್ಟುವ ಹಾಗೆ ಗ್ರಾಮ ಪಂಚಾಯಿತಿಯಲ್ಲಿ ಮಾತಾದರೆ, ಏಳೂವರೆ ಕ್ವಿಂಟಲಿನ ಗಾಡಿ ಏಳೂವರೆ ಕ್ವಿಂಟಲ್ ಈರುಳ್ಳಿಯನ್ನು ಮಾತ್ರ ಹೊತ್ತುಕೊಂಡು ಹೋಗಬಹುದು.